ಸಾಹುಕಾರನ ವಿಮಾನಕ್ಕೆ ಹೊರಟ ನನ್ನ ತಮ್ಮ

ಹರೀಶನ ವಿಷಯ ನನ್ನ ಹತ್ತಿರ ಎತ್ತಬೇಡಿ ಎಂದು ಭಟ್ಕಳದ ಟೆಂಪೋ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ. ಆದರೂ ಎತ್ತುತ್ತಾರೆ. ಚಾ ಕುಡಿಯುವಾಗ ಒಬ್ಬ, ಡೀಸೆಲ್ ಹಾಕಿಸುವಾಗ ಒಬ್ಬ. "ದೇವಪ್ಪಣ್ಣ, ನಿಮ್ಮ ತಮ್ಮ ಆ ಸಾಹುಕಾರನ ವಿಮಾನಕ್ಕೆ ಹೋದನಾ, ಇಲ್ವಾ?" ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಒಮ್ಮೆ ಬರೆದು ಹಾಕುವುದೇ ಒಳ್ಳೆಯದು. ನಾನು ಕಲಿತದ್ದು ಏಳನೇ ತರಗತಿಯವರೆಗೆ. ಓದುವವರು ಸಹಿಸಿಕೊಳ್ಳಲಿ, ಆಗದಿದ್ದರೆ ಬಿಡಲಿ.

ಹರೀಶ ನನಗಿಂತ ಹದಿನಾರು ವರ್ಷಕ್ಕೆ ಸಣ್ಣವನು. ನಮ್ಮ ಮನೆ ಮಂಕಿಯಲ್ಲಿ, ಹೆದ್ದಾರಿಯಿಂದ ಸಮುದ್ರದ ಬದಿಗೆ ಇಳಿಯುವ ರಸ್ತೆಯಲ್ಲಿ. ಅಪ್ಪ ಸತ್ತಾಗ ಅವನಿಗೆ ನಾಲ್ಕು ವರ್ಷ. ಅಮ್ಮ, ಲಕ್ಕಿ ಎಂದು ಹೆಸರು, ಗದ್ದೆ ಕೆಲಸಕ್ಕೆ ಹೋಗುವಾಗ ಅವನನ್ನು ನನ್ನ ಗಾಡಿಯಲ್ಲಿ ಕೂರಿಸಿ ಹೋಗುತ್ತಿದ್ದಳು. ಇಂಜಿನ್ ಬಾನೆಟ್ಟಿನ ಮೇಲೆ ಗೋಣಿ ಹಾಸಿ ಕೂತುಕೊಂಡು ಭಟ್ಕಳದಿಂದ ಹೊನ್ನಾವರ, ಹೊನ್ನಾವರದಿಂದ ಭಟ್ಕಳ, ದಿನಕ್ಕೆ ನಾಲ್ಕು ಸಲ ಓಡಾಡಿ ಬೆಳೆದ ಹುಡುಗ ಅವನು. ಒಂದು ಚಾಳಿ ಇತ್ತು. ಗಾಡಿ ಹೊರಡುವ ಮೊದಲು ತೆಂಗಿನ ಸೋಗೆಯ ದಂಟು ಹಿಡಿದು ಸುತ್ತ ಹೋಗಿ ನಾಲ್ಕೂ ಟಯರಿಗೆ ಬಡಿದು ಸದ್ದು ಕೇಳುತ್ತಿದ್ದ. ಸದ್ದು ಸರಿ ಬರದಿದ್ದರೆ ಹತ್ತುತ್ತಿರಲಿಲ್ಲ. ಜನ ನಗುತ್ತಿದ್ದರು. ನಾನು ಬೈಯುತ್ತಿದ್ದೆ. ಎರಡು ಸಲ ಅವನು ಹೇಳಿದ ಟಯರೇ ಕೆಟ್ಟದ್ದು ನಿಜ.

ಓದಿನಲ್ಲಿ ಚುರುಕು. ಪಿಯುಸಿಗೆ ಹೊನ್ನಾವರಕ್ಕೆ ಹೋಗುತ್ತಿದ್ದ. ಎರಡನೇ ವರ್ಷದ ಫಿಸಿಕ್ಸ್ ಪರೀಕ್ಷೆಯ ದಿನ ಅವನು ಕಾಯುತ್ತಿದ್ದ ಟೆಂಪೋ ಬರಲಿಲ್ಲ. ಬಸ್ಸುಗಳು ತುಂಬಿ ಹೋದವು. ಸೆಂಟರಿಗೆ ಮುಟ್ಟುವಾಗ ಮುಕ್ಕಾಲು ತಾಸು ತಡವಾಗಿತ್ತು, ಒಳಗೆ ಬಿಡಲಿಲ್ಲ. ಒಂದು ವರ್ಷ ಹೋಯಿತು. ಬಾರದೇ ಹೋದ ಆ ಟೆಂಪೋ ನನ್ನದೇ. ಕ್ಲಚ್ ಹೋಗಿತ್ತು ಎಂದು ಅವನಿಗೆ ಹೇಳಿದೆ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡಿಗ್ರಿ ಮುಗಿಸಿ ಗೋವಾದ ವಿಮಾನ ನಿಲ್ದಾಣದಲ್ಲಿ ಸಾಮಾನು ಹತ್ತಿಸುವ ಕೆಲಸಕ್ಕೆ ಸೇರಿದ. ಅಲ್ಲಿಯೇ ಹುಚ್ಚು ಹತ್ತಿದ್ದು. ಹೆದ್ದಾರಿ ಅಗಲ ಮಾಡುವಾಗ ನಮ್ಮ ಗದ್ದೆಯ ಮುಂದಿನ ತುಂಡು ಹೋಯಿತು. ಸರ್ಕಾರ ಕೊಟ್ಟ ಪರಿಹಾರದಲ್ಲಿ ನನ್ನ ಪಾಲನ್ನೂ ಸೇರಿಸಿ ಅವನ ಕೈಗೆ ಕೊಟ್ಟೆ. "ಕಲಿತು ಬಾ" ಎಂದೆ. ಕಲಿತು ಬಂದ. ಕೋ ಪೈಲಟ್ ಆದ, ಆರು ವರ್ಷಕ್ಕೆ ಕ್ಯಾಪ್ಟನ್ ಆದ. ಬಿಳಿ ಅಂಗಿ ಹಾಕಿಕೊಂಡು ಮೊದಲ ಸಲ ಮನೆಗೆ ಬಂದ ದಿನ ಸ್ಟ್ಯಾಂಡಿನವರು ಹಾರ ಹಾಕಿದರು. ಹಾರ ಕುತ್ತಿಗೆಯಲ್ಲಿ ಇದ್ದಂತೆಯೇ ಅವನು ನನ್ನ ಟೆಂಪೋ ಸುತ್ತ ಹೋಗಿ ಟಯರಿಗೆ ಬೂಟಿನಿಂದ ತಟ್ಟಿದ. "ಹಿಂದಿನ ಎಡದ್ದು ಕಡಿಮೆ ಇದೆ, ಅಣ್ಣ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅವನ ವಿಮಾನದಲ್ಲಿ ನಾನು ಒಂದೇ ಸಲ ಕೂತದ್ದು, ಗೋವಾದಿಂದ ಬೆಂಗಳೂರಿಗೆ. ಹೊರಡುವ ಮೊದಲು ಮೈಕಿನಲ್ಲಿ ಮಾತಾಡಿದ. ಹವೆ ಹೇಗಿದೆ, ಎಷ್ಟು ಹೊತ್ತು ಬೇಕು, ಎಲ್ಲ ಹೇಳಿದ. ನನ್ನ ಅಣ್ಣ ಕೂತಿದ್ದಾನೆ ಎಂದು ಹೇಳಲಿಲ್ಲ. ನನಗೆ ಅದೇ ಸರಿ ಕಂಡಿತು. ಪಕ್ಕದಲ್ಲಿ ಕೂತವನು ಮಗುವಿಗೆ ಹಾಲು ಕುಡಿಸುತ್ತಿದ್ದ, ಹಿಂದೆ ಒಬ್ಬಳು ಮುದುಕಿ ಆಸ್ಪತ್ರೆಯ ಫೈಲು ಹಿಡಿದುಕೊಂಡಿದ್ದಳು. ಅವರಿಗೂ ನನಗೂ ಒಬ್ಬನೇ ಡ್ರೈವರು. ಇದು ಲೈನ್ ಗಾಡಿ, ನಮ್ಮದೇ ಕೆಲಸ, ಎತ್ತರ ಮಾತ್ರ ಬೇರೆ ಎಂದುಕೊಂಡೆ. ಎದೆ ಉಬ್ಬಿತು. ಸುಳ್ಳು ಯಾಕೆ ಹೇಳಲಿ.

ಲೈನ್ ಗಾಡಿ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಸ್ಟ್ಯಾಂಡಿನಲ್ಲಿ ಪಾಳಿ ಇರುತ್ತದೆ. ಯಾವ ಗಾಡಿ ಎಷ್ಟು ಗಂಟೆಗೆ ಬಿಡಬೇಕು ಎಂದು ಸ್ಟ್ಯಾಂಡಿನ ಲೆಕ್ಕ ಇಡುವ ದುರ್ಗ ತನ್ನ ಪುಸ್ತಕದಲ್ಲಿ ಬರೆಯುತ್ತಾನೆ. ನಿಮ್ಮ ಪಾಳಿ ಬಂದಾಗ ಗಾಡಿಯಲ್ಲಿ ಇಬ್ಬರೇ ಇರಲಿ, ಬಿಡಬೇಕು. ಮುಂದೆ ಶಿರಾಲಿಯಲ್ಲಿ, ಮಂಕಿಯಲ್ಲಿ, ಕಾಸರಕೋಡಿನಲ್ಲಿ ಜನ ಆ ಗಂಟೆ ನಂಬಿಕೊಂಡು ನಿಂತಿರುತ್ತಾರೆ. ಬಾಡಿಗೆ ಬೇರೆ. ಮದುವೆ ದಿಬ್ಬಣ, ಪ್ರವಾಸ. ಬಾಡಿಗೆಯವನು ಹೇಳಿದಾಗ ಹೊರಡಬೇಕು, ಅವನು ಊಟ ಮಾಡುವಾಗ ಕಾಯಬೇಕು. ಬಾಡಿಗೆಗೆ ಹೋಗುವುದು ತಪ್ಪಲ್ಲ. ಆದರೆ ಪಾಳಿಯ ದಿನ ಹೋಗಬೇಕಾದರೆ ನಿಮ್ಮ ಬದಲಿಗೆ ಇನ್ನೊಂದು ಗಾಡಿ ನಿಲ್ಲಿಸಿ, ದುರ್ಗನಿಗೆ ಹೇಳಿ ಹೋಗಬೇಕು. ಹೇಳದೆ ಹೋದವನಿಗೆ ಸ್ಟ್ಯಾಂಡಿನಲ್ಲಿ ಯಾರೂ ಬೆಂಕಿಪೊಟ್ಟಣವನ್ನೂ ಕೊಡುವುದಿಲ್ಲ.

ಹೋದ ವರ್ಷ ಹರೀಶ ಫೋನ್ ಮಾಡಿ, "ಅಣ್ಣ, ನಾನು ಕಂಪನಿ ಬಿಡ್ತೆ. ಒಬ್ಬ ಗಣಿ ಸಾಹುಕಾರ ಸ್ವಂತ ವಿಮಾನ ತಗೊಂಡಿದ್ದ. ಅದನ್ನ ಹಾರಿಸೂಕೆ ಕರೀತಿದ್ದ" ಎಂದ.

"ಲೈನ್ ಬಿಟ್ಟು ಬಾಡಿಗೆಗಾ?" ಎಂದೆ.

"ಅಣ್ಣ, ನಿಂಗೆ ಗೊತ್ತಿಲ್ಲ. ನಸುಕಿನ ಮೂರಕ್ಕೆ ಎದ್ದು ದಿನಕ್ಕೆ ನಾಲ್ಕು ಸಲ ಇಳಿಸಿ ಏರಿಸಿ ಸಾಕಾಗಿದೆ. ಸಾಹುಕಾರನ ಹತ್ರ ಆದ್ರೆ ತಿಂಗಳಲ್ಲಿ ಹದಿನೈದು ದಿನ ಮನೇಲಿ. ವಿನುತಾ ಒಬ್ಳೇ ಎಷ್ಟು ದಿನ ಅಂತ ಇರ್ತಾಳೆ?" ವಿನುತಾ ಅವನ ಹೆಂಡತಿ.

"ನಾನು ಮೂವತ್ತು ವರ್ಷದಿಂದ ದಿನಕ್ಕೆ ನಾಲ್ಕು ಟ್ರಿಪ್ ಹೊಡೀತಿದ್ದೆ."

"ನೀನು ಮೂವತ್ತು ಸಾವಿರ ಅಡಿ ಮೇಲೆ ತೂಕಡಿಸಿದ್ರೆ ಹೇಳು."

"ಆ ಸಾಹುಕಾರ ಉಂಡು ಬಪ್ಪವರೆಗೆ ಬಾಗ್ಲಲ್ಲಿ ನಿಂತಿರ್ಬೇಕು ನೀನು. ಅವನ ಹೆಂಡ್ತಿಯ ನಾಯಿ ಹಿಡ್ಕಂಡು!"

ಫೋನ್ ಇಟ್ಟುಬಿಟ್ಟ. ಅಲ್ಲಿಂದ ನಮ್ಮಿಬ್ಬರ ಮಾತು ಅರ್ಧ ನಿಂತಿತು. ಅಮ್ಮನ ಹತ್ತಿರ ಮಾತಾಡುತ್ತಿದ್ದ. ನಾನು ಫೋನ್ ಹಿಡಿದರೆ "ಆತು, ಇಡ್ತೆ" ಎನ್ನುತ್ತಿದ್ದ.

ಕ್ಯಾಪ್ಟನ್ ಆದವನು ರಾಜೀನಾಮೆ ಕೊಟ್ಟ ಕೂಡಲೇ ಬಿಡುವ ಹಾಗಿಲ್ಲವಂತೆ. ಒಂದು ವರ್ಷ ಹಾರಿಸಿ, ಆಮೇಲೆ ಹೋಗಬೇಕು. ನಾಲ್ಕು ತಿಂಗಳು ಕಳೆದಿತ್ತು. ಸಾಹುಕಾರನಿಗೆ ಅಷ್ಟು ತಾಳ್ಮೆ ಇಲ್ಲ. ಇಷ್ಟು ನನಗೆ ಗೊತ್ತಿತ್ತು. ಕಳೆದ ಡಿಸೆಂಬರಿನಲ್ಲಿ ಒಂದು ಸೋಮವಾರ ಹರೀಶ ಮಂಗಳೂರಿನ ಬದಿಯಿಂದ ಒಂದು ಬಿಳಿ ಕಾರಿನಲ್ಲಿ ಬಂದು ಇಳಿದ. ಕಾರು ಬಿಟ್ಟು ತಿರುಗಿ ಹೋಯಿತು. "ಮೂರು ದಿನ ರಜೆ" ಎಂದ. ಅಮ್ಮನಿಗೆ ಖುಷಿ. ನಾನು ಏನೂ ಕೇಳಲಿಲ್ಲ.

ಮರುದಿನ ಮಂಗಳವಾರ. ನನಗೆ ಪಾಳಿ ಇರಲಿಲ್ಲ, ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದೆ. ಹನ್ನೊಂದು ಗಂಟೆಗೆ ಒಬ್ಬ ಬೈಕಿನಲ್ಲಿ ಬಂದು ನಿಲ್ಲಿಸಿದ. ನಲವತ್ತರ ಹತ್ತಿರದವನು, ಗಡ್ಡ ಬಿಟ್ಟಿದ್ದ, ಕೈಯಲ್ಲಿ ಚೀಲ. ಚೀಲದಲ್ಲಿ ಬ್ರೆಡ್ಡು, ಒಂದು ಡಜನ್ ಮೋಸಂಬಿ, ಎರಡು ಎಳನೀರಿನ ಬೊಂಡ.

"ದೇವಪ್ಪಣ್ಣ ಅಲ್ರಾ? ನಾನು ನರೇಶ, ಕುಮಟಾದಂವ. ಹರೀಶನ ಸಂಗ್ತಿಗೆ ವಿಮಾನ ಹಾರಿಸ್ತೆ."

"ಓಹೋ, ಬನ್ನಿ ಬನ್ನಿ. ಎಷ್ಟು ಸಲ ಹೇಳಿದ್ದ ನಿಮ್ಮ ಬಗ್ಗೆ."

"ಹೆಂಗಿದ್ದ ಈಗ?"

"ಯಾರು?"

"ಹರೀಶ. ಜ್ವರ ಇಳೀತಾ? ಡೆಂಗಿ ಇರ್ಬೇಕು ಅಂದ್ರು ಆಫೀಸಲ್ಲಿ. ನಮ್ಮ ಬದಿಯಂವ, ನೋಡ್ಕಂಡು ಹೋಪ ಅಂತ ಬಂದೆ."

ನನ್ನ ಕೈಯಲ್ಲಿ ಪೈಪು ಹಾಗೆಯೇ ಇತ್ತು, ನೀರು ಅವನ ಬೂಟಿಗೆ ಬೀಳುತ್ತಿತ್ತು. "ಡೆಂಗಿನಾ? ಅವನಿಗಾ?" ಎಂದೆ. "ಬೆಳಿಗ್ಗೆ ಆರು ಬಂಗ್ಡೆ ತಿಂದು ಸಮುದ್ರದಲ್ಲಿ ಈಸೂಕೆ ಹೋಗಿದ್ದ!"

ಹೇಳಿದ ಮೇಲೆ ತಿಳಿಯಿತು. ಹೇಳುವ ಮೊದಲು ತಿಳಿಯುವ ಜಾತಿ ನನ್ನದಲ್ಲ.

ಹರೀಶ ಮಾಡಿದ ತಪ್ಪು ನೋಡಿ. ಆಫೀಸಿಗೆ ಆರಾಂ ಇಲ್ಲ ಎಂದು ಹೇಳಿದ. ಬೆಂಗಳೂರಿನವನೋ ದೆಹಲಿಯವನೋ ಆಗಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು, ಒಂದು ಮೆಸೇಜು ಬರುತ್ತಿತ್ತು. ಆದರೆ ಕುಮಟಾದವನಿಗೆ ಮಂಕಿಯವನು ಮಲಗಿದ್ದಾನೆ ಎಂದು ಗೊತ್ತಾದರೆ ಅವನು ಬ್ರೆಡ್ಡು ಮೋಸಂಬಿ ತೆಗೆದುಕೊಂಡು ಬಂದೇ ಬರುತ್ತಾನೆ. ನಮ್ಮ ಸ್ಟ್ಯಾಂಡಿನಲ್ಲಿ ಯಾರಿಗಾದರೂ ಜ್ವರ ಬಂದರೆ ಸಂಜೆಯೊಳಗೆ ಅವರ ಮನೆಯಲ್ಲಿ ಹತ್ತು ಬ್ರೆಡ್ಡು ಇರುತ್ತವೆ. ಇಷ್ಟು ವರ್ಷ ಮೋಡದ ಮೇಲೆ ಓಡಾಡಿ ನನ್ನ ತಮ್ಮ ಇದನ್ನು ಮರೆತಿದ್ದ.

ಅಷ್ಟರಲ್ಲಿ ಅವನೇ ಬಂದ. ಚಡ್ಡಿ, ಹೆಗಲ ಮೇಲೆ ಟವೆಲು, ತಲೆಯಿಂದ ಉಪ್ಪುನೀರು ಇಳಿಯುತ್ತಿತ್ತು. ನರೇಶನನ್ನು ಕಂಡವನೇ ಅಂಗಳದ ಬಾಗಿಲಿನ ದಣಪೆಯ ಹತ್ತಿರ ನಿಂತುಬಿಟ್ಟ.

ನರೇಶ ಚೀಲವನ್ನು ಜಗಲಿಯ ಮೇಲೆ ಮೆತ್ತಗೆ ಇಟ್ಟ. "ಜ್ವರ ಚೊಲೋ ಇಳಿದಿದೆ" ಎಂದ.

"ನರೇಶ, ಕೂತ್ಕೊ. ಹೇಳ್ತೆ."

"ನಿಂತೇ ಕೇಳ್ತೆ, ಹೇಳು."

ಹರೀಶ ಹೇಳಿದ. ಗುರುವಾರ ಸಾಹುಕಾರ ಸ್ವತಃ ಮಂಗಳೂರಿನಿಂದ ದೆಹಲಿಗೆ ಹೋಗುತ್ತಾನೆ. ಆ ದಿನ ಇವನು ಜೊತೆಯಲ್ಲಿ ಕೂತು ಹೋಗಬೇಕು. ಸಾಹುಕಾರ ಮನುಷ್ಯನನ್ನು ನೋಡಿ, ಮಾತಾಡಿಸಿ, ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತಾನೆ. ಅವತ್ತು ಹೋಗದಿದ್ದರೆ ಕೆಲಸ ಇಲ್ಲ. ಕಂಪನಿಯಲ್ಲಿ ರಜೆ ಕೇಳಿದರೆ ಕೊಡುವುದಿಲ್ಲ. ಅದಕ್ಕೆ ಜ್ವರ.

"ಗುರುವಾರ ಸಂಜೆ ನಾಲ್ಕಕ್ಕೆ ಗೋವಾದಿಂದ ನಿಂದು ವಿಮಾನ ಇತ್ತು. ಅದಕ್ಕೆ ಈಗ ಯಾರನ್ನ ಹಾಕಿದ್ರು, ಗೊತ್ತಿದೆಯಾ?" ಎಂದು ನರೇಶ ಕೇಳಿದ.

"ಇಲ್ಲ."

"ನನ್ನ. ನನ್ನ ರಜೆ ತೆಗ್ದು ಹಾಕಿದ್ರು. ಗುರುವಾರ ಅಪ್ಪನ ವರ್ಷದ ತಿಥಿ. ಪಿಂಡ ಇಡೂಕೆ ನಾನೊಬ್ನೇ ಮಗ. ಈ ಗಡ್ಡ ಒಂದು ವರ್ಷದಿಂದ ಎಂತಕೆ ಬಿಟ್ಟಿದ್ದೆ ಅಂತ ಮಾಡಿದ್ದೆ ನೀನು? ಚೆಂದಕ್ಕಾ?"

ಹರೀಶ ಟವೆಲಿನಿಂದ ಮುಖ ಒರೆಸಿದ. "ನಿನ್ನ ಮೇಲೆ ಬರ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ ಮಾರಾಯ."

"ಬೇರೆ ಯಾರ ಮೇಲಾದ್ರೂ ಬಂದ್ರೆ ಅಡ್ಡಿಲ್ಲಾಗಿತ್ತಾ?"

ಹರೀಶ ಟವೆಲು ಹಿಂಡತೊಡಗಿದ. ನರೇಶ ಬಿಡಲಿಲ್ಲ.

"ಮೂರು ತಿಂಗಳಲ್ಲಿ ಆರು ಜನ ಹೋದ್ರು ಸಾಹುಕಾರ್ರ ವಿಮಾನಕ್ಕೆ. ಅವರ ಕೆಲಸ ಎಲ್ಲಾ ನಮ್ಮ ತಲೆ ಮೇಲೆ. ಮೊನ್ನೆ ಹನ್ನೊಂದು ದಿನ ಆದ ಮೇಲೆ ನನ್ನ ಮಗಳ ಮುಖ ನೋಡಿದ್ದು."

"ಜನ ಎಂತಕೆ ಬಿಟ್ಟು ಹೋಗ್ತಿದ್ರು ಅಂತ ಕಂಪನಿಯವ್ರನ್ನ ಕೇಳು. ನನ್ನ ಕೇಳ್ಬೇಡ. ಅವರು ಜನ ಜಾಸ್ತಿ ತಗೊಂಡಿದ್ರೆ ನಿನ್ನ ರಜೆ ಹೋಗ್ತಿತ್ತಾ? ನಾನಾ ನಿನ್ನ ರಜೆ ತೆಗ್ದದ್ದು?"

"ಬಿಟ್ಟು ಹೋಗೂದು ತಪ್ಪು ಅಂತ ನಾ ಹೇಳ್ಲಿಲ್ಲ, ಹರೀಶ. ನಾಳೆ ನಾನೂ ಹೋಗ್ವೆನೋ ಏನೋ. ನಿನ್ನ ದಿನ ಮುಗ್ಸಿ ಹೋಗು. ಸತ್ತ ನನ್ನ ಅಪ್ಪನ ಊಟ ಕಸ್ಕಂಡು ಹೋಗ್ಬೇಡ."

ಅಮ್ಮನಿಗೆ ಇದೆಲ್ಲ ಅರ್ಥವಾಗಲಿಲ್ಲ. ಅವನು ತಂದ ಮೋಸಂಬಿಯನ್ನೇ ಕೊಯ್ದು ತಟ್ಟೆಯಲ್ಲಿ ತಂದಿಟ್ಟಳು. "ತಿನ್ನು ತಮಾ, ಬಿಸಿಲಲ್ಲಿ ಬಂದವ" ಎಂದಳು. ಯಾರೂ ಮುಟ್ಟಲಿಲ್ಲ. ನರೇಶ ಅಮ್ಮನಿಗೆ ಕೈಮುಗಿದು ಬೈಕ್ ಹತ್ತಿದ. "ನಾನು ಆಫೀಸಿಗೆ ಹೇಳೂದಿಲ್ಲ. ಹೇಳಿದ್ರೆ ನಿನ್ನ ಅನ್ನ ಹೋಗ್ತದೆ, ಆ ಪಾಪ ನಂಗೆ ಬೇಡ. ಗುರುವಾರ ಹತ್ತು ಗಂಟೆಗೆ ಕುಮಟಾ ಬಿಡ್ತೆ. ಭಟ್ರು ಅಷ್ಟೊತ್ತಿಗೆ ಹೋಮದ ಕಟ್ಟಿಗೆಯನ್ನೂ ಜೋಡ್ಸಿರೂದಿಲ್ಲ" ಎಂದು ಹೇಳಿ ಹೋದ.

ಬೈಕಿನ ಸದ್ದು ನಿಂತದ್ದೇ ನಾನು ಶುರು ಮಾಡಿದೆ. ಏನೆಲ್ಲ ಬೈದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ. ಅಕ್ಕಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಇಡೀ ವಿಮಾನದ ಜನರನ್ನು ಬಿಟ್ಟು ಒಬ್ಬ ಸಾಹುಕಾರನ ಹಿಂದೆ ಹೋಗುವವನು, ಜೊತೆಯಲ್ಲಿ ಅನ್ನ ಉಂಡವನ ಅಪ್ಪನ ತಿಥಿಯನ್ನು ಮುರಿಯುವವನು, ಇಂಥವನಿಗಾಗಿ ನಾನು ನನ್ನ ನೆಲ ಕೊಟ್ಟೆನೇ ಎಂದೆ. ಹರೀಶ ಜಗಲಿಯ ಕಂಬಕ್ಕೆ ಒರಗಿ ಕೇಳುತ್ತಿದ್ದ. ಕೇಳಿ ಕೇಳಿ ಮುಖ ಬಿಳಿಚಿತು.

"ಮುಗೀತಾ?" ಎಂದ.

"ಮುಗೀಲಿಲ್ಲ! ನಾಳೆನೇ ಆಫೀಸಿಗೆ ಫೋನ್ ಮಾಡಿ ಹೇಳು, ಆರಾಂ ಆತು ಅಂತ. ನೀ ಮಾಡದಿದ್ರೆ ನಾ ಮಾಡ್ತೆ. ನಂಬರ್ ಹುಡ್ಕೂಕೆ ನಂಗೆ ಬರ್ತದೆ. ಪಾಳಿ ಬಿಟ್ಟು ಬಾಡಿಗೆಗೆ ಹೋಗೂದು ನಮ್ಮ ಮನೆತನದಲ್ಲೇ ಇಲ್ಲ!"

ಹರೀಶ ನಕ್ಕ. ಅಂಥ ನಗೆಯನ್ನು ನಾನು ಅವನ ಮುಖದಲ್ಲಿ ಕಂಡಿರಲಿಲ್ಲ.

"ಇಲ್ವಾ? ನನ್ನ ಫಿಸಿಕ್ಸ್ ಪರೀಕ್ಷೆ ದಿವ್ಸ ನೀ ಎಲ್ಲಿದ್ದೆ?"

"ಕ್ಲಚ್ ಹೋಗಿತ್ತು."

"ಅವತ್ತು ಸಂಜೆ ಗಾಡಿ ಗುಡ್ಸಿದ್ದು ನಾನು. ಹಿಂದಿನ ಸೀಟಿನ ಅಡಿಗೆ ಒಂದು ಮಗುವಿನ ಚಪ್ಪಲಿ ಇತ್ತು. ಒದ್ದೆ. ನದಿಯ ಮರಳು ಮೆತ್ಕಂಡಿತ್ತು. ಕ್ಲಚ್ ಹೋಗಿ ಶೆಡ್ಡಲ್ಲಿ ನಿಂತ ಗಾಡಿಗೆ ಚಪ್ಪಲಿ ಎಲ್ಲಿಂದ ಬಂತು, ಅಣ್ಣ?"

ನಾನು ಬಾಗಿ ನೀರಿನ ಪೈಪು ಸುತ್ತತೊಡಗಿದೆ. ಅವನು ಮುಂದುವರಿಸಿದ.

"ಮರುದಿನ ದುರ್ಗಣ್ಣನ್ನ ಕೇಳಿದೆ. ಕ್ಲಚ್ ಅಂತೆ ಅಂದ. ಸ್ಟ್ಯಾಂಡಿಗೂ ಅದನ್ನೇ ಹೇಳಿದ್ದೆ ನೀನು. ನೀ ಗಾಡಿಗೆ ಆರಾಂ ಇಲ್ಲ ಅಂದೆ, ನಾ ನಂಗೆ ಆರಾಂ ಇಲ್ಲ ಅಂದೆ. ಎಂತ ಫರಕು? ಹದಿನೆಂಟು ವರ್ಷ ಬಾಯಿ ಮುಚ್ಕಂಡಿದ್ದೆ. ನೀ ನಂಗೆ ಪಾಠ ಹೇಳ್ಬೇಡ."

ಇದು ನಿಜ. ಅವತ್ತು ಭಟ್ಕಳದ ಒಂದು ಮನೆಗೆ ದುಬೈಯಿಂದ ನೆಂಟರು ಬಂದಿದ್ದರು, ಗೇರುಸೊಪ್ಪ ನೋಡಬೇಕು ಎಂದರು. ಒಳ್ಳೆಯ ಬಾಡಿಗೆ. ಪರೀಕ್ಷೆ ಮರುದಿನ ಎಂದು ತಪ್ಪು ತಿಳಿದಿದ್ದೆ, ಕೇಳಿ ನೋಡುವ ಬುದ್ಧಿ ಬರಲಿಲ್ಲ. ದುರ್ಗನಿಗೆ ಕ್ಲಚ್ ಎಂದೆ. ಬೆಳಿಗ್ಗೆ ಐದಕ್ಕೆ ಇದೇ ಮಂಕಿಯ ಮೇಲೆಯೇ ಗಾಡಿ ಹೊಡೆದುಕೊಂಡು ಹೋದೆ. ನಾನು ಶರಾವತಿಯ ದಂಡೆಯಲ್ಲಿ ನೆಂಟರಿಗೆ ಬೊಂಡ ಕೊಚ್ಚಿಸಿ ಕೊಡುತ್ತಿದ್ದಾಗ ನನ್ನ ತಮ್ಮ ಮಂಕಿ ಕ್ರಾಸಿನಲ್ಲಿ ಹಾಲ್ ಟಿಕೆಟ್ ಹಿಡಿದುಕೊಂಡು ದಕ್ಷಿಣಕ್ಕೆ ನೋಡುತ್ತ ನಿಂತಿದ್ದ. ಆಮೇಲೆ ಇವತ್ತಿನವರೆಗೆ ಒಂದು ಪಾಳಿಯನ್ನೂ ನಾನು ತಪ್ಪಿಸಿಲ್ಲ. ಪರಿಹಾರದಲ್ಲಿ ನನ್ನ ಪಾಲು ಕೊಟ್ಟದ್ದೂ ಅದಕ್ಕೇ. ಅವನಿಗೆ ಗೊತ್ತಿಲ್ಲ ಎಂದುಕೊಂಡು ಕೊಟ್ಟಿದ್ದೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಲೆ ತಗ್ಗಿಸುತ್ತಿದ್ದರು. ನನಗೆ ಸಿಟ್ಟು ಇನ್ನೂ ಏರಿತು. ಮೋಸಂಬಿಯ ತಟ್ಟೆ ಎತ್ತಿ ಅಂಗಳಕ್ಕೆ ಎಸೆದೆ.

"ಫರಕು ಎಂತ ಅಂತ ಕೇಳಿದ್ಯಲ್ಲ? ನಾ ಸುಳ್ಳು ಹೇಳಿ ಹೋದ್ದಕ್ಕೆ ಒಬ್ಬನ ವರ್ಷ ಹೋತು. ನೀ ಅದನ್ನ ನಿನ್ನ ಮೈಯ್ಯಲ್ಲೇ ಅನುಭವ್ಸಿದಂವ. ರಸ್ತೆ ಮೇಲೆ ನಿಂತು ಕಾದವನಿಗೆ ಎಂತ ಆಗ್ತದೆ ಅಂತ ನಿಂಗೆ ಗೊತ್ತು. ಗೊತ್ತಿದ್ದೂ ಮಾಡಿದ್ಯಲ್ಲ, ಅದು ಫರಕು!"

ಅಮ್ಮ ಅಂಗಳದಲ್ಲಿ ಕೂತು ಮೋಸಂಬಿಯ ತುಂಡುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. "ಒಬ್ಬನೂ ಸಾಕ್ಲಿಕ್ಕೆ ಯೋಗ್ಯ ಆಗ್ಲಿಲ್ಲ" ಎಂದಳು. ಯಾರಿಗೆ ಹೇಳಿದಳು ಎಂದು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಹರೀಶ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬುಧವಾರ ನಾನು ಸ್ಟ್ಯಾಂಡಿಗೆ ಹೋದೆ. ದುರ್ಗ ಎಂದಿನ ಹಾಗೆ ಪುಸ್ತಕ ಬಿಡಿಸಿಕೊಂಡು ಕೂತಿದ್ದ. ಅವನ ಎದುರು ಕೂತು, "ಹದಿನೆಂಟು ವರ್ಷದ ಹಿಂದೆ ಕ್ಲಚ್ ಹೋಗಿತ್ತು ಅಂದಿದ್ದೆ, ನೆನಪಿದೆಯಾ?" ಎಂದೆ.

"ಇದೆ. ಕ್ಲಚ್ ಹೋಗಿರ್ಲಿಲ್ಲ."

"ನಿಂಗೆ ಗೊತ್ತಿತ್ತಾ?"

"ಶೆಡ್ಡಿನವನು ನನ್ನ ಭಾವ, ದೇವಪ್ಪ. ಅವತ್ತೇ ಗೊತ್ತಿತ್ತು. ಹುಡುಗ ಕೇಳೂಕೆ ಬಂದಾಗ ಕ್ಲಚ್ ಅಂದೆ. ಅಣ್ಣ ತಮ್ಮ ಹೊಡ್ದಾಡ್ಕಳೂದು ಬೇಡ ಅಂತ."

"ಮತ್ತೆ ನನ್ನ ಹತ್ರ ಎಂತಕೆ ಕೇಳ್ಲಿಲ್ಲ?"

"ಕೇಳಿ ಎಂತ ಮಾಡೂದು? ಅಲ್ಲಿಂದ ಮೇಲೆ ಪಾಳಿಗೆ ನಿನ್ನಷ್ಟು ಸರಿಯಾಗಿ ಯಾರು ಬಂದಿದ್ರು?" ಎಂದು ಪುಸ್ತಕ ನನ್ನ ಕಡೆಗೆ ತಿರುಗಿಸಿದ. "ನಾಳೆ ಐದೂ ಮುಕ್ಕಾಲರ ಮೊದಲ ಗಾಡಿ ನಿಂದು. ಆಗ್ತದಾ?"

"ಆಗ್ತದೆ."

ಸಂಜೆ ಮನೆಗೆ ಬಂದಾಗ ಹರೀಶ ಹಿತ್ತಿಲಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. "ಹೌದು ಸರ್. ಆರು ಗಂಟೆಗೆ ಸರ್. ಕಾರು ಕ್ರಾಸಿಗೇ ಬರಲಿ ಸರ್." ಸಾಹುಕಾರನ ಕಡೆಯವರು. ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಹೊರಟೇ ಬಿಟ್ಟಿದ್ದ. ವಿಮಾನದ ಕಂಪನಿಯ ನಂಬರು ನಾನು ಸ್ಟ್ಯಾಂಡಿನ ಹುಡುಗರ ಹತ್ತಿರ ತೆಗೆಸಿ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಚೀಟಿ ತೆಗೆದೆ. ಬೆರಳು ಫೋನಿನ ಮೇಲೆ ಹೋಯಿತು. ನರೇಶನಂಥವನೇ ಬೇಡ ಎಂದ ಪಾಪವನ್ನು ನಾನು ಹೊರಬೇಕೇ ಎಂದುಕೊಂಡೆ. ಒತ್ತಲಿಲ್ಲ. ಅದರ ಬದಲು ಅವನ ಎದುರಿಗೆ ಹೋಗಿ ನಿಂತೆ.

"ನಾ ಯಾರಿಗೂ ಫೋನ್ ಮಾಡೂದಿಲ್ಲ. ನೀ ದೊಡ್ಡವ ಆಗಿದ್ದೆ. ನಾಳೆ ನನ್ನ ಗಾಡಿ ಆರೂ ಇಪ್ಪತ್ತಕ್ಕೆ ಮಂಕಿ ಕ್ರಾಸಿಗೆ ಬರ್ತದೆ. ಹೊನ್ನಾವರಕ್ಕೆ ಹೋಗ್ತದೆ. ಅಲ್ಲಿಂದ ಗೋವಾಕ್ಕೆ ಬಸ್ಸು ಬೇಕಾದಷ್ಟಿದೆ. ಇಷ್ಟೇ ಹೇಳೂದು."

"ನೀ ಬರೂದು ಗ್ಯಾರಂಟಿ ಅಂತ ಹೆಂಗೆ ನಂಬೂದು?" ಎಂದ. ಮುಖಕ್ಕೆ ಹೊಡೆದ ಹಾಗೆ ಆಯಿತು. ಹಿಂದೆ ತಿರುಗಿ ಬಂದು ಉಣ್ಣದೆ ಮಲಗಿದೆ.

ಗುರುವಾರ ಬೆಳಿಗ್ಗೆ ಭಟ್ಕಳದಿಂದ ಸರಿಯಾಗಿ ಐದೂ ಮುಕ್ಕಾಲಕ್ಕೆ ಬಿಟ್ಟೆ. ಗಾಡಿಯಲ್ಲಿ ಏಳು ಜನ. ಶಿರಾಲಿಯಲ್ಲಿ ಮೀನಿನ ಬುಟ್ಟಿಯ ಹೆಂಗಸರು ಹತ್ತಿದರು. ಅವರಲ್ಲಿ ಕಮಲಿ ಎಂಬವಳು, ನಾನು ಬಲ್ಲವಳು, ಮುಂದೆ ಕೂತು, "ಎಂತ ದೇವಪ್ಪ, ಇವತ್ತು ಮುಖ ಒಣಗಿದ ತಾರ್ಲೆ ಮೀನಿನ ಹಂಗೆ ಮಾಡ್ಕಂಡಿದ್ದೆ?" ಎಂದಳು. ಮುರ್ಡೇಶ್ವರ ಕ್ರಾಸಿನಲ್ಲಿ ಇಳಿದ ಒಬ್ಬ ಚಿಲ್ಲರೆಗಾಗಿ ಜಗಳ ತೆಗೆದ. ಚಿಲ್ಲರೆ ಬೇಡ, ಹೋಗು ಎಂದೆ. ಕಮಲಿ ಕಣ್ಣರಳಿಸಿ ನೋಡಿದಳು. ಮೂವತ್ತು ವರ್ಷದಲ್ಲಿ ನಾನು ಜಗಳ ಬಿಟ್ಟುಕೊಟ್ಟದ್ದು ಅದೇ ಮೊದಲಿರಬೇಕು.

ಮಂಕಿ ಕ್ರಾಸಿನಲ್ಲಿ ಈಗ ರಸ್ತೆಯ ನಡುವೆ ಡಿವೈಡರ್ ಇದೆ. ಮಂಗಳೂರಿಗೆ ಹೋಗುವವರು ಒಂದು ಬದಿಗೆ ನಿಲ್ಲಬೇಕು, ಹೊನ್ನಾವರ ಗೋವಾಕ್ಕೆ ಹೋಗುವವರು ಇನ್ನೊಂದು ಬದಿಗೆ. ದೂರದಿಂದಲೇ ಕಂಡೆ. ಮಂಗಳೂರಿನ ಬದಿಯಲ್ಲಿ ಬಿಳಿ ಕಾರು ಲೈಟು ಮಿಣುಕಿಸುತ್ತ ನಿಂತಿತ್ತು. ಅದರ ಡ್ರೈವರು ಹೊರಗೆ ನಿಂತು ಎದುರು ಬದಿಗೆ ಕೈ ಬೀಸಿ ಏನೋ ಕೂಗುತ್ತಿದ್ದ.

ಎದುರು ಬದಿಯಲ್ಲಿ, ನಮ್ಮ ಸ್ಟಾಪಿನಲ್ಲಿ, ಹರೀಶ ನಿಂತಿದ್ದ. ಬಿಳಿ ಅಂಗಿ, ಹೆಗಲಿನ ಮೇಲೆ ನಾಲ್ಕು ಪಟ್ಟಿ, ಕೈಯಲ್ಲಿ ಚಕ್ರದ ಪೆಟ್ಟಿಗೆ. ಕಾರಿನವನು ಕೂಗುವುದನ್ನು ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ನಿಂತಿದ್ದ ಹಾಗೆಯೇ ದಕ್ಷಿಣಕ್ಕೆ, ನನ್ನ ಗಾಡಿ ಬರುವ ದಾರಿಯನ್ನೇ ನೋಡುತ್ತಿದ್ದ.

ನಿಲ್ಲಿಸಿದೆ. ಅವನು ಹತ್ತಲಿಲ್ಲ. ಮೊದಲು ಗಾಡಿಯ ಸುತ್ತ ಹೋದ. ಬೂಟಿನಿಂದ ನಾಲ್ಕೂ ಟಯರಿಗೆ ತಟ್ಟಿದ. ಮೀನಿನ ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ನನ್ನ ಕಿಟಕಿಯ ಹತ್ತಿರ ಬಂದು ಗಡಿಯಾರ ನೋಡಿದ.

"ಇವತ್ತು ಟೈಮಿಗೆ ಬಂದ್ಯಲ್ಲ" ಎಂದ.

ಅವನು ಹಿಂದಿನ ಸೀಟಿಗೆ ಹೋಗಿ ಮೀನಿನ ಬುಟ್ಟಿಗಳ ನಡುವೆ ಪೆಟ್ಟಿಗೆ ಇಟ್ಟುಕೊಂಡು ಕೂತ. ಬಿಳಿ ಕಾರು ಎರಡು ಸಲ ಹಾರ್ನ್ ಹೊಡೆಯಿತು. ನಾನು ಗೇರು ಹಾಕಿದೆ.

ಆಮೇಲೆ ನಡೆದದ್ದು ನರೇಶ ಫೋನಿನಲ್ಲಿ ಹೇಳಿದ್ದು. ಬೆಳಿಗ್ಗೆ ಐದಕ್ಕೇ ಹರೀಶ ಆಫೀಸಿಗೆ ಫೋನ್ ಮಾಡಿ, ಜ್ವರ ಬಿಟ್ಟಿದೆ, ಗೋವಾದಲ್ಲಿ ಡಾಕ್ಟರಿಗೆ ತೋರಿಸಿ ನನ್ನ ವಿಮಾನ ನಾನೇ ಹತ್ತುತ್ತೇನೆ ಎಂದಿದ್ದ. ನರೇಶ ಪಿಂಡ ಇಟ್ಟು, ಗಡ್ಡ ತೆಗೆದು, ಮಧ್ಯಾಹ್ನ ಬಂದವರಿಗೆ ತಾನೇ ಬಡಿಸಿದನಂತೆ. ಆ ಗಣಿ ಸಾಹುಕಾರ ಬೇರೆ ಯಾರನ್ನೋ ಇಟ್ಟುಕೊಂಡ. ಕರೆದಾಗ ಬಾರದವನು ನನಗೆ ಬೇಡ ಎಂದನಂತೆ. ಹರೀಶ ಈಗಲೂ ಕಂಪನಿಯ ವಿಮಾನವನ್ನೇ ಹಾರಿಸುತ್ತಿದ್ದಾನೆ. ಒಂದು ವರ್ಷದ ಲೆಕ್ಕ ಮುಗಿದ ದಿನ ಇನ್ನೊಬ್ಬ ಸಾಹುಕಾರನ ಹತ್ತಿರ ಹೋಗುವವನೇ, ಅದನ್ನೂ ಅಮ್ಮನ ಹತ್ತಿರ ಹೇಳಿದ್ದಾನೆ. ಹೋಗಲಿ. ನನಗೆ ಈಗಲೂ ಅದು ಸರಿ ಕಾಣುವುದಿಲ್ಲ. ಆದರೆ ತನ್ನ ಪಾಳಿ ಮುಗಿಸಿ ಹೋದವನನ್ನು ಬೈಯುವ ಹಾಗಿಲ್ಲ.

ಅವತ್ತಿನಿಂದ ಅವನು ನನ್ನ ಹತ್ತಿರ ಮಾತಾಡಿಲ್ಲ, ನಾನೂ ಆಡಿಲ್ಲ. ಹೊನ್ನಾವರದಲ್ಲಿ ಇಳಿಯುವಾಗ ಎಲ್ಲರ ಹಾಗೆ ಸಾಲಿನಲ್ಲಿ ಬಂದು ಟಿಕೆಟಿನ ದುಡ್ಡು ಚಾಚಿದ. ಚಾಚಿದ ಕೈಯನ್ನು ನೋಡಿದೆ, ಮುಖವನ್ನು ನೋಡಲಿಲ್ಲ.

ದುಡ್ಡು ತೆಗೆದುಕೊಂಡೆ.